ಫೋನ್ ಮಾಡೋಕೆ ಭಯವೇ? ಫೋನ್ ಎತ್ತುವ ಕಡೆಯಿಂದ ಒಂದಿಷ್ಟು ಮಾತು

ಆಸ್ಪತ್ರೆಯೊಂದರ ಅಪಾಯಿಂಟ್‌ಮೆಂಟ್ ಡೆಸ್ಕಿನಲ್ಲಿ ನನ್ನ ಕೆಲಸ. ಬೆಳಗ್ಗೆಯಿಂದ ಸಂಜೆವರೆಗೆ ಫೋನ್ ಎತ್ತುವುದು, ಹೆಸರು ಬರೆದುಕೊಳ್ಳುವುದು, ಡಾಕ್ಟರ ಸಮಯ ನೋಡಿ ಹೇಳುವುದು. ಹೆದರಿಕೊಂಡು ಫೋನ್ ಮಾಡಿದವರ ದನಿ ನನಗೆ ಬೇಗ ಗೊತ್ತಾಗುತ್ತದೆ. ಯಾಕೆಂದರೆ ನಾನೂ ಅವರಲ್ಲೊಬ್ಬಳು. ಡೆಸ್ಕಿನಲ್ಲಿ ಫೋನ್ ಎತ್ತೋಕೆ ನನಗೆ ಯಾವತ್ತೂ ಕಷ್ಟವಾಗಿಲ್ಲ. ಆದರೆ ನನ್ನ ಸ್ವಂತ ಕೆಲಸಕ್ಕೆ ಬ್ಯಾಂಕಿಗೆ ಒಂದು ಫೋನ್ ಮಾಡಬೇಕು ಅಂದರೆ, ವರ್ಷಗಟ್ಟಲೆ, ನಂಬರ್ ಒತ್ತುವ ಮೊದಲೇ ಬಾಯಿ ಒಣಗುತ್ತಿತ್ತು.

ಎರಡೂ ಕಡೆ ಕೂತು ನೋಡಿದ ಮೇಲೆ ಒಂದು ವಿಷಯ ನನಗೆ ಖಚಿತವಾಗಿದೆ. ಹೆದರುವವರು ಆ ಕಡೆ ಏನು ನಡೆಯುತ್ತಿದೆ ಎಂದು ಊಹಿಸಿಕೊಳ್ಳುತ್ತಾರೋ, ಆ ಕಡೆ ಅದು ನಡೆಯುತ್ತಿರುವುದಿಲ್ಲ. ನೀವು ಎರಡು ಕ್ಷಣ ತಡವರಿಸಿದರೆ "ಇವರಿಗೆ ಮಾತಾಡೋಕೂ ಬರಲ್ಲ" ಅಂತ ನಾವು ಅಂದುಕೊಳ್ಳುವುದಿಲ್ಲ. ಆ ಹೊತ್ತಿಗೆ ನಾವು ಪೆನ್ ಹುಡುಕುತ್ತಿರುತ್ತೇವೆ. ಇಲ್ಲವೇ ಹಿಂದಿನ ಕಾಲ್‌ನವರ ವಿವರ ಸೇವ್ ಮಾಡುತ್ತಿರುತ್ತೇವೆ. ಮುಂದೆ ನಾನು ಹೇಳುವ ಎಲ್ಲ ಸಲಹೆಗಳೂ ಈ ಒಂದು ಮಾತಿನ ಮೇಲೆ ನಿಂತಿವೆ.

ಫೋನ್ ಯಾಕೆ ಇಷ್ಟು ಕಷ್ಟ

ಎದುರಿಗೆ ಕೂತು ಮಾತಾಡುವಾಗ ಮುಖ ಕಾಣುತ್ತದೆ. ತಲೆಯಾಡಿಸುವುದು, ಹುಬ್ಬೇರಿಸುವುದು, ಸಣ್ಣ ನಗು, ಎಲ್ಲವೂ "ಸರಿ, ಮುಂದೆ ಹೇಳಿ" ಎನ್ನುತ್ತಿರುತ್ತವೆ. ಫೋನಿನಲ್ಲಿ ಅದೊಂದೂ ಇಲ್ಲ. ಆ ಖಾಲಿ ಜಾಗವನ್ನು ಮನಸ್ಸು ತಾನೇ ತುಂಬುತ್ತದೆ. ಹೆದರಿದ ಮನಸ್ಸು ಅಲ್ಲಿ ಒಳ್ಳೆಯದನ್ನು ತುಂಬುವುದಿಲ್ಲ, ಅಲ್ವಾ?

ಇದು ಮನಸ್ಸಿನ ಮಾತಾಯಿತು. ಯಂತ್ರದ ಕಡೆಯಿಂದಲೂ ತೊಂದರೆ ಇದೆ, ಅದನ್ನು ಜಾಸ್ತಿ ಜನ ಹೇಳುವುದಿಲ್ಲ. ಹಳೆಯ ಕಾಲದಿಂದ ಬಂದ ಟೆಲಿಫೋನ್ ವ್ಯವಸ್ಥೆ ನಮ್ಮ ದನಿಯನ್ನು ಪೂರ್ತಿ ದಾಟಿಸುವುದಿಲ್ಲ. ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ (ದನಿ ಎಷ್ಟು ದಪ್ಪ, ಎಷ್ಟು ತೆಳು ಎನ್ನುವುದರ ಅಳತೆ ಇದು) ದನಿ ಮಾತ್ರ ಆಚೆ ಹೋಗುತ್ತದೆ. ಸ, ಫ ಥರದ ಅಕ್ಷರಗಳ ಗುರುತು ಬಹುಪಾಲು ಅದಕ್ಕಿಂತ ಮೇಲೆ ಇರುತ್ತದೆ. ಹಾಗಾಗಿ "ಸುಮಾ" ಅಂದದ್ದು "ಉಮಾ" ಅಂತ ಕೇಳಿಸಬಹುದು. ದನಿ ಇನ್ನೂ ಸ್ಪಷ್ಟವಾಗಿ ಕೇಳಿಸುವ ಈಗಿನ ಎಚ್‌ಡಿ ಕಾಲ್‌ಗಳಲ್ಲಿ ಸುಮಾರು 7000 ಹರ್ಟ್ಸ್‌ವರೆಗೆ ದಾಟುತ್ತದೆ, ಆದರೆ ಎರಡೂ ಕಡೆಯ ಫೋನೂ ನೆಟ್‌ವರ್ಕೂ ಅದಕ್ಕೆ ಒಗ್ಗಬೇಕು. ಕಚೇರಿಗಳ ಫೋನುಗಳಲ್ಲಿ ಎಷ್ಟೋ ಸಲ ಅದು ಸಿಗುವುದಿಲ್ಲ.

ಇನ್ನೊಂದು, ತಡ. 2009ರಲ್ಲಿ ಹೊರಬಂದ ಒಂದು ಸಂಶೋಧನೆ ಹತ್ತು ಭಾಷೆಗಳ ಸಂಭಾಷಣೆಗಳನ್ನು ಹೋಲಿಸಿತ್ತು. ಒಬ್ಬರು ಪ್ರಶ್ನೆ ಮುಗಿಸಿ ಇನ್ನೊಬ್ಬರು ಉತ್ತರ ಶುರು ಮಾಡುವ ನಡುವಿನ ಬಿಡುವು ಸರಾಸರಿ ಸೆಕೆಂಡಿನ ಐದನೇ ಒಂದು ಪಾಲಿನ, ಅಂದರೆ 200 ಮಿಲಿಸೆಕೆಂಡಿನ, ಆಸುಪಾಸಿನಲ್ಲಿ ಇತ್ತು. ಅಷ್ಟು ಚುರುಕಾದ ಲೆಕ್ಕಕ್ಕೆ ನಮ್ಮ ಕಿವಿ ಒಗ್ಗಿಹೋಗಿದೆ. ಫೋನಿನಲ್ಲಿ ದನಿ ತಲುಪುವುದೇ ತಡವಾಗುತ್ತದೆ. ಒಂದು ಕಡೆಯ ತಡ 150 ಮಿಲಿಸೆಕೆಂಡಿನ ಒಳಗಿದ್ದರೆ ಒಳ್ಳೆಯದು ಎಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಹೇಳುತ್ತದೆ. ತಡ ಆ 150ರಷ್ಟೇ ಇದ್ದರೂ, ಹೋಗಿ ಬರುವ ಎರಡೂ ಸೇರಿದರೆ ಆ ಸಹಜ ಬಿಡುವು ದುಪ್ಪಟ್ಟಿಗಿಂತ ಜಾಸ್ತಿಯಾಗುತ್ತದೆ. ಬ್ಲೂಟೂತ್ ಹಾಕಿಕೊಂಡರೆ ಇನ್ನೂ ಸ್ವಲ್ಪ ಸೇರುತ್ತದೆ. ಇಬ್ಬರೂ ಒಟ್ಟಿಗೆ ಮಾತು ಶುರು ಮಾಡಿ, ಒಟ್ಟಿಗೆ ನಿಲ್ಲಿಸಿ, ಮತ್ತೆ ಒಟ್ಟಿಗೆ ಶುರು ಮಾಡುತ್ತೀರಲ್ಲ, ಅದರಲ್ಲಿ ನಿಮ್ಮ ತಪ್ಪು ಏನೂ ಇಲ್ಲ. "ನೀವು ಹೇಳಿ" ಅಂತ ಅಂದು ಪೂರ್ತಿ ಸುಮ್ಮನಾಗಿ. ಅಷ್ಟೇ ಸಾಕು.

ಫೋನ್ ಮಾಡುವ ಮೊದಲು

ಒಂದು ಹಾಳೆ ತಗೊಳ್ಳಿ. ಫೋನಿನ ನೋಟ್ಸಿನಲ್ಲಿ ಬರೆಯಬೇಡಿ, ಮಾತಾಡುವಾಗ ಅದು ಕಿವಿಯ ಹತ್ತಿರ ಇರುತ್ತದೆ.

ಮೇಲ್ಗಡೆ ನಿಮ್ಮ ಹೆಸರು, ಮೊಬೈಲ್ ನಂಬರ್, ಹುಟ್ಟಿದ ತಾರೀಕು ಬರೆಯಿರಿ. ನಿಮ್ಮದೇ ನಂಬರು ನಿಮಗೆ ಗೊತ್ತಿಲ್ಲ ಅಂತಲ್ಲ. ಗಾಬರಿಯಲ್ಲಿ ಅದೇ ಮೊದಲು ಮರೆಯುವುದು. "ನಂಬರ್ ಹೇಳಿ" ಅಂದ ತಕ್ಷಣ ದನಿ ನಡುಗುವವರನ್ನು ನಾನು ದಿನಾ ಕೇಳುತ್ತೇನೆ. ಅಕೌಂಟ್ ನಂಬರ್, ಬಿಲ್ ನಂಬರ್, ಫೈಲ್ ನಂಬರ್ ಏನಿದ್ದರೂ ಅಲ್ಲೇ ಬರೆಯಿರಿ. ನಾಲ್ಕು ನಾಲ್ಕು ಅಂಕಿ ಬಿಡಿಸಿ ಬರೆದರೆ ಓದುವಾಗ ಉಸಿರಿಗೆ ಜಾಗ ಸಿಗುತ್ತದೆ.

ಅದರ ಕೆಳಗೆ ಮೊದಲ ವಾಕ್ಯ. ಇದೊಂದನ್ನು ಮಾತ್ರ ಪೂರ್ತಿ ಬರೆಯಿರಿ, ಬಾಯಿಬಿಟ್ಟು ಒಂದು ಸಲ ಹೇಳಿ ನೋಡಿ. ಒಳ್ಳೆಯ ಮೊದಲ ವಾಕ್ಯ ಹೀಗಿರುತ್ತದೆ:

"ನಮಸ್ಕಾರ. ಚರ್ಮದ ಡಾಕ್ಟರ ಹತ್ರ ಅಪಾಯಿಂಟ್‌ಮೆಂಟ್ ಬೇಕಿತ್ತು."

ಇಷ್ಟೇ. ಹೆಸರು, ಯಾಕೆ, ಯಾವಾಗಿಂದ, ಯಾರು ಹೇಳಿದರು, ಇದ್ಯಾವುದೂ ಮೊದಲ ವಾಕ್ಯದಲ್ಲಿ ಬೇಡ. ಈ ಕಡೆ ನನ್ನ ಮುಂದೆ ಒಂದು ಫಾರ್ಮ್ ತೆರೆದಿರುತ್ತದೆ. ಯಾವ ವಿಭಾಗ ಅಂತ ಗೊತ್ತಾಗುವವರೆಗೆ ನಾನು ಏನನ್ನೂ ತುಂಬಲಾರೆ. ಅದು ಗೊತ್ತಾದ ಕೂಡಲೇ ಪ್ರಶ್ನೆ ಕೇಳುವ ಸರದಿ ನನ್ನದಾಗುತ್ತದೆ. ಮೊದಲು ಬಂದಿದ್ದೀರಾ, ಹೆಸರೇನು, ವಯಸ್ಸೆಷ್ಟು, ಯಾವತ್ತು ಆಗುತ್ತೆ. ನೀವು ಉತ್ತರ ಕೊಟ್ಟರೆ ಸಾಕು. ಇಡೀ ಕಾಲ್‌ನಲ್ಲಿ ನೀವೇ ಹುಟ್ಟಿಸಬೇಕಾದ ಮಾತು ಆ ಒಂದು ವಾಕ್ಯ ಮಾತ್ರ. ಬ್ಯಾಂಕು, ವಿಮೆ ಕಂಪನಿ, ಶಾಲೆಯ ಆಫೀಸು, ಎಲ್ಲ ಕಡೆಯೂ ಹೆಚ್ಚುಕಡಿಮೆ ಹೀಗೆಯೇ.

ಹಾಳೆಯ ನಡುವೆ ನಿಮಗೆ ಆಗಬೇಕಾದ್ದನ್ನು ಎರಡು ಮೂರು ಪದಗಳಲ್ಲಿ ಬರೆಯಿರಿ. ಅಪಾಯಿಂಟ್‌ಮೆಂಟ್ ಆದರೆ ನಿಮಗೆ ಸರಿಹೊಂದುವ ಎರಡು ದಿನ. ಕೆಳಗೆ ಅರ್ಧ ಹಾಳೆ ಖಾಲಿ ಬಿಡಿ, ಅವರು ಹೇಳಿದ್ದನ್ನು ಬರೆದುಕೊಳ್ಳೋಕೆ.

ಪೂರ್ತಿ ಸಂಭಾಷಣೆಯನ್ನೇ ಬರೆದಿಟ್ಟುಕೊಂಡು ಓದುವವರಿದ್ದಾರೆ. ಅದು ಯಾಕೆ ಕೈಕೊಡುತ್ತದೆ ಎಂದು ನಾನು ಹತ್ತಿರದಿಂದ ನೋಡಿದ್ದೇನೆ. ಒಬ್ಬರು ಶುರು ಮಾಡುತ್ತಾರೆ: "ನಮಸ್ಕಾರ ನನ್ನ ಹೆಸರು ಇಂಥದ್ದು ನನಗೆ ಕಳೆದ ಎರಡು ವಾರದಿಂದ..." ಒಂದೇ ಉಸಿರು, ಎಲ್ಲೂ ನಿಲ್ಲುವುದಿಲ್ಲ. ನಡುವೆ ನಾನು "ಮೊದಲು ಇಲ್ಲಿ ತೋರಿಸಿದ್ರಾ?" ಅಂತ ಕೇಳುತ್ತೇನೆ. ಮಾತು ನಿಲ್ಲುತ್ತದೆ. ಕಾಗದ ಸರಿಯುವ ಸದ್ದು. ಆಮೇಲೆ "ನಮಸ್ಕಾರ ನನ್ನ ಹೆಸರು..." ಅಂತ ಮತ್ತೆ ಮೊದಲಿನಿಂದ. ನನ್ನ ಪ್ರಶ್ನೆ ಅವರ ಹಾಳೆಯಲ್ಲಿ ಇರಲಿಲ್ಲ. ಪಾಪ, ಎಷ್ಟು ಹೊತ್ತು ಕೂತು ಬರೆದಿದ್ದರೋ. ಬರೆದದ್ದನ್ನು ಓದುತ್ತಿರುವಾಗ ಕಿವಿ ಕೆಲಸ ಮಾಡುವುದಿಲ್ಲ. ಅದಕ್ಕೇ ಮೊದಲ ವಾಕ್ಯ ಬಿಟ್ಟು ಉಳಿದದ್ದನ್ನು ಬರೀ ಪದಗಳಲ್ಲಿ ಇಡಿ.

ಹೊತ್ತು ನೋಡಿ ಫೋನ್ ಮಾಡುವುದೂ ಒಳ್ಳೆಯದು. ಬಾಗಿಲು ತೆರೆದ ಮೊದಲ ಗಂಟೆ, ಅದರಲ್ಲೂ ರಜೆ ಮುಗಿದ ಮಾರನೇ ದಿನ, ನಮ್ಮಲ್ಲಿ ಫೋನ್ ಬಿಡುವಿಲ್ಲದೆ ಬಡಿದುಕೊಳ್ಳುತ್ತದೆ. ಆ ಹೊತ್ತಲ್ಲಿ ನಮ್ಮ ದನಿ ಗಡಿಬಿಡಿಯಾಗಿರುತ್ತದೆ, ಹೆದರಿದವರಿಗೆ ಅದು ಸಿಟ್ಟಿನಂತೆ ಕೇಳಿಸುತ್ತದೆ. ಮಧ್ಯಾಹ್ನದ ನಡು ಹೊತ್ತು ನಿಧಾನ. ಆದರೆ "ಒಳ್ಳೆಯ ಹೊತ್ತು ಬರಲಿ" ಅಂತ ಕಾಯುತ್ತಾ ಮೂರು ದಿನ ತಳ್ಳಬೇಡಿ. ಒಂದು ಗಂಟೆ ಗೊತ್ತು ಮಾಡಿಕೊಳ್ಳಿ, ಆ ಹೊತ್ತಿಗೆ ಮಾಡಿಬಿಡಿ. ಎದೆ ಬಡಿದುಕೊಳ್ಳುತ್ತಿದ್ದರೆ ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ, ನಾಲ್ಕೈದು ಸಲ. ಉಸಿರು ಬಿಡುವಾಗ ಹೃದಯದ ಬಡಿತ ತಾನಾಗಿ ಸ್ವಲ್ಪ ಇಳಿಯುತ್ತದೆ, ನಮ್ಮ ದೇಹ ಇರುವುದೇ ಹಾಗೆ. ಪೂರ್ತಿ ಶಾಂತವಾದ ಮೇಲೆ ಮಾಡುತ್ತೇನೆ ಅಂತ ಮಾತ್ರ ಕಾಯಬೇಡಿ. ನಡುಗುವ ದನಿಯಲ್ಲೂ ಅಪಾಯಿಂಟ್‌ಮೆಂಟ್ ಸಿಗುತ್ತದೆ.

ಮಾತಾಡುವಾಗ: ಮೌನ

ಫೋನಿನಲ್ಲಿ ಹೆದರುವವರಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಮೌನ. ನನಗೂ ಹಾಗೇ ಇತ್ತು. ಅದಕ್ಕೆ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ನೀವು ಹೆಸರು ಹೇಳಿದಿರಿ. ಆ ಕಡೆ ಏನೂ ಸದ್ದಿಲ್ಲ. ನಿಮ್ಮ ತಲೆಯಲ್ಲಿ ಓಡುತ್ತದೆ: ತಪ್ಪು ಹೇಳಿದೆನಾ, ದನಿ ಕೇಳಿಸಲಿಲ್ವಾ, ಬೇಜಾರಾಯ್ತಾ. ಆ ಖಾಲಿ ಹೊತ್ತನ್ನು ತುಂಬೋಕೆ ಏನೇನೋ ಹೇಳತೊಡಗುತ್ತೀರಿ. "ಅಲ್ಲ, ತೊಂದರೆ ಇದ್ರೆ ಬೇಡ, ಆಮೇಲೆ ಮಾಡ್ತೀನಿ, ಪರವಾಗಿಲ್ಲ." ಈ ಕಡೆ ನಾನು ನಿಮ್ಮ ಹೆಸರು ಟೈಪ್ ಮಾಡಿ ಎಂಟರ್ ಒತ್ತಿದ್ದೇನೆ. ಸ್ಕ್ರೀನಿನ ಮೇಲೆ ಗುಂಡಗೆ ಒಂದು ಗುರುತು ಸುತ್ತುತ್ತಿದೆ. ಒಂದೇ ಹೆಸರಿನ ಹಲವರು ಪಟ್ಟಿಯಲ್ಲಿ ಬಂದಿದ್ದಾರೆ, ಹುಟ್ಟಿದ ತಾರೀಕು ನೋಡಿ ನಿಮ್ಮನ್ನು ಹುಡುಕುತ್ತಿದ್ದೇನೆ. ಪಕ್ಕದ ಕುರ್ಚಿಯವರು ಕೇಳಿದ್ದಕ್ಕೆ ಕೈಸನ್ನೆ ಮಾಡಿ "ತಾಳಿ" ಅಂತಿದ್ದೇನೆ. ನಿಮ್ಮ ಬಗ್ಗೆ ಒಳ್ಳೆಯದೋ ಕೆಟ್ಟದ್ದೋ ಅಂದುಕೊಳ್ಳೋಕೆ ನನಗೆ ಬಿಡುವೇ ಇಲ್ಲ. ಅಷ್ಟರಲ್ಲಿ ನೀವು "ಬೇಡ, ಪರವಾಗಿಲ್ಲ" ಅಂತ ಇಟ್ಟುಬಿಟ್ಟರೆ ನಿಜವಾಗಿ ಬೇಸರವಾಗುತ್ತದೆ, ಯಾಕೆಂದರೆ ಆ ಹೊತ್ತಿಗೆ ನಿಮ್ಮ ಫೈಲ್ ಸಿಕ್ಕಿರುತ್ತದೆ.

ಹಾಗಾದರೆ ಮೌನದಲ್ಲಿ ಏನು ಮಾಡಬೇಕು? ಆ ಕಡೆಯ ಸದ್ದು ಕೇಳಿ. ಕೀಬೋರ್ಡಿನ ಟಕಟಕ, ಹಾಳೆ ಮಗುಚುವುದು, ದೂರದಲ್ಲಿ ಯಾರೋ ಮಾತಾಡುವುದು. ಇದು ಸುಮ್ನೆ ಮನಸ್ಸನ್ನು ಬೇರೆ ಕಡೆ ತಿರುಗಿಸುವ ಉಪಾಯ ಅಂದುಕೊಳ್ಳಬೇಡಿ. 1995ರಲ್ಲಿ ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ ಎಂಬ ಮನಃಶಾಸ್ತ್ರಜ್ಞರು ಜನರ ನಡುವೆ ಉಂಟಾಗುವ ಆತಂಕದ ಬಗ್ಗೆ ಬರೆಯುತ್ತಾ ಇದನ್ನೇ ಎತ್ತಿ ಹೇಳಿದ್ದರು. ಹೆದರಿದವರ ಗಮನ ಒಳಗೆ ತಿರುಗುತ್ತದೆ. ನನ್ನ ದನಿ ಹೇಗಿದೆ, ನಾನು ಹೇಗೆ ಕೇಳಿಸುತ್ತಿದ್ದೇನೆ ಅಂತ ತನ್ನನ್ನು ತಾನೇ ಕಾಯುತ್ತಾ ಕೂರುತ್ತದೆ. ಒಳಗಿನ ಗಾಬರಿಯೇ ಹೊರಗೂ ಹಾಗೇ ಕಾಣುತ್ತಿದೆ ಅಂತ ನಂಬಿಬಿಡುತ್ತೇವೆ. ಗಮನವನ್ನು ಆ ಕಡೆಯವರ ಮೇಲೆ ಇಟ್ಟಷ್ಟೂ ಅವರು ನಿಜವಾಗಿ ಏನು ಮಾಡುತ್ತಿದ್ದಾರೆ ಎಂದು ತಿಳಿಯುತ್ತದೆ.

ಮೌನ ತುಂಬಾ ಉದ್ದವಾಯಿತು, ಲೈನ್ ಕಟ್ಟಾಯಿತೇನೋ ಅನ್ನಿಸಿದರೆ "ಲೈನ್‌ನಲ್ಲಿದ್ದೀನಿ" ಅನ್ನಿ. ಸಾರಿ ಬೇಡ, ಕಾರಣ ಬೇಡ. ನಿಮಗೇ ಯೋಚಿಸೋಕೆ ಹೊತ್ತು ಬೇಕಾದರೆ "ಒಂದ್ನಿಮಿಷ, ನೋಡಿ ಹೇಳ್ತೀನಿ" ಅನ್ನಿ. ನಾವು ಇಡೀ ದಿನ ಜನರಿಗೆ ಅದನ್ನೇ ಹೇಳುತ್ತಿರುತ್ತೇವೆ. ನೀವು ಒಂದು ಸಲ ಹೇಳಿದರೆ ನಮಗೇನೂ ಅನ್ನಿಸುವುದಿಲ್ಲ.

ಕೇಳಿಸದಿದ್ದಾಗ

ಎರಡು ಸಲ "ಏನಂದ್ರಿ?" ಅಂತ ಕೇಳಿ, ಮೂರನೇ ಸಲ ನಾಚಿಕೆಯಾಗಿ "ಹೂಂ, ಸರಿ" ಅಂದುಬಿಡುತ್ತೇವಲ್ಲ, ಅಲ್ಲೇ ಎಡವಟ್ಟಾಗುವುದು. ತಾರೀಕು ತಪ್ಪಾಗಿ ಬರೆದುಕೊಂಡು ಇನ್ನೊಂದು ದಿನ ಬಂದವರನ್ನು ವಾಪಸ್ ಕಳಿಸುವಾಗ ನನಗೆ ಹೊಟ್ಟೆ ಉರಿಯುತ್ತದೆ.

ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುವ ಮಾತು ಇದು: "ಸ್ವಲ್ಪ ನಿಧಾನವಾಗಿ ಹೇಳ್ತೀರಾ, ಬರ್ಕೊಳ್ತಿದ್ದೀನಿ." ಬರೆದುಕೊಳ್ಳುತ್ತಿದ್ದಾರೆ ಎಂದು ಗೊತ್ತಾದ ಕೂಡಲೇ ಎಂಥವರೂ ಬಿಡಿಸಿ ಬಿಡಿಸಿ ಹೇಳುತ್ತಾರೆ. ನಾನೂ ಅಷ್ಟೇ. "ಕೇಳಿಸ್ಲಿಲ್ಲ" ಅಂದರೆ ಅದೇ ವೇಗದಲ್ಲಿ, ಬರೀ ಜೋರಾಗಿ ಹೇಳುತ್ತೇವೆ. "ಬರ್ಕೊಳ್ತಿದ್ದೀನಿ" ಅಂದರೆ ವೇಗವೇ ಇಳಿಯುತ್ತದೆ.

ಅಂಕಿಗಳನ್ನು ಇಂಗ್ಲಿಷಿನಲ್ಲಿ ಹೇಳುವುದು ಈಗ ರೂಢಿ. ಅಲ್ಲಿ ಫಿಫ್ಟೀನ್ ಯಾವುದು ಫಿಫ್ಟಿ ಯಾವುದು ಅಂತ ಫೋನಿನಲ್ಲಿ ತಿಳಿಯುವುದೇ ಇಲ್ಲ. "ಒಂದು ಐದಾ, ಐದು ಸೊನ್ನೆನಾ?" ಅಂತ ಕೇಳಿ. ಹೆಸರಿಗೂ ಹೀಗೇ. "ಸುಮಾ, ಸೂರ್ಯದ ಸ" ಅಂದರೆ ಯಾರೂ ಉಮಾ ಅಂತ ಬರೆಯುವುದಿಲ್ಲ. ವಿಮಾನದವರು ಆಲ್ಫಾ, ಬ್ರಾವೊ, ಚಾರ್ಲಿ ಅಂತ ಅಕ್ಷರ ಹೇಳುತ್ತಾರಲ್ಲ, 1956ರಲ್ಲಿ ಜಾರಿಗೆ ಬಂದ ಆ ಪಟ್ಟಿ ಹುಟ್ಟಿದ್ದೂ ಇದೇ ಕಾರಣಕ್ಕೆ. ಪೈಲಟ್‌ಗಳಿಗೇ ಬೇಕಾದದ್ದು ನಮಗೆ ಬೇಕಾದರೆ ಅದರಲ್ಲಿ ನಾಚಿಕೆ ಪಡುವಂಥದ್ದು ಏನಿದೆ?

ಕೊನೆಗೆ ಎಲ್ಲವನ್ನೂ ಒಂದು ಸಲ ನೀವೇ ತಿರುಗಿ ಹೇಳಿ. "ಸರಿ, ಗುರುವಾರ, ಬೆಳಗ್ಗೆ ಹತ್ತೂವರೆ, ಎರಡನೇ ಮಹಡಿ. ಥ್ಯಾಂಕ್ಸ್, ಇಡ್ತೀನಿ." ಹೇಗೆ ಮುಗಿಸಬೇಕು ಅಂತ ತಿಳಿಯದೆ "ಹೂಂ... ಸರಿ... ಮತ್ತೆ..." ಅಂತ ಎಳೆಯುವವರಿಗೆ ಇದು ತುಂಬಾ ಉಪಯೋಗ. ತಿರುಗಿ ಹೇಳಿದರೆ ಮಾತು ಮುಗಿಯಿತು ಅಂತ ಎರಡೂ ಕಡೆಗೆ ತಿಳಿಯುತ್ತದೆ, ತಪ್ಪಿದ್ದರೆ ಅಲ್ಲೇ ಸರಿಯಾಗುತ್ತದೆ.

ಇಟ್ಟ ಮೇಲೆ

ಫೋನ್ ಇಟ್ಟ ಮೇಲೆ ಮನಸ್ಸು ಇಡೀ ಮಾತನ್ನು ಮೊದಲಿನಿಂದ ಓಡಿಸುತ್ತದೆ. ಅಲ್ಲಿ ಹಾಗೆ ಅನ್ನಬಾರದಿತ್ತು, ಇಲ್ಲಿ ನಕ್ಕದ್ದು ಯಾಕೋ. ಇದಕ್ಕೆ ಕೂತುಕೊಂಡರೆ ಸಂಜೆಯಾದರೂ ಮುಗಿಯುವುದಿಲ್ಲ. ಹಾಳೆಯ ಕೆಳಗೆ ಆದ ಕೆಲಸವನ್ನು ಒಂದು ಸಾಲು ಬರೆಯಿರಿ, "ಗುರುವಾರ 10.30 ಸಿಕ್ಕಿತು" ಅಂತ. ಎದ್ದು ಬೇರೆ ಕೆಲಸಕ್ಕೆ ಕೈಹಾಕಿ. "ನಾನು ಸರಿಯಾಗಿ ಮಾತಾಡಿದ್ನಾ?" ಅಂತ ಪಕ್ಕದವರನ್ನು ಕೇಳಬೇಡಿ. ಅವರು ಹೌದು ಅಂದರೂ ನೀವು ನಂಬುವುದಿಲ್ಲ, ಮುಂದಿನ ಸಲ ಮತ್ತೆ ಕೇಳಬೇಕು ಅನ್ನಿಸುತ್ತದೆ.

ಭಯ ನಿಧಾನವಾಗಿ ಇಳಿಯಬೇಕಾದರೆ

ಮೇಲೆ ಹೇಳಿದ್ದೆಲ್ಲ ಒಂದು ಕಾಲ್ ದಾಟಿಸೋಕೆ. ಭಯ ಕಡಿಮೆಯಾಗಬೇಕಾದರೆ ಬೇರೆ ಕೆಲಸ ಇದೆ, ಅದಕ್ಕೆ ವಾರಗಳು ಬೇಕು.

ಫೋನ್ ಮಾಡುವುದನ್ನು ನಾಳೆಗೆ ತಳ್ಳಿದ ಆ ಕ್ಷಣ ಎಷ್ಟು ಹಾಯೆನಿಸುತ್ತದೆ! ಆ ಹಾಯೇ ತೊಂದರೆ. ತಪ್ಪಿಸಿಕೊಂಡರೆ ನೆಮ್ಮದಿ ಸಿಗುತ್ತದೆ ಅಂತ ಮನಸ್ಸು ಕಲಿತುಬಿಡುತ್ತದೆ. ಮುಂದಿನ ಸಲ ಇನ್ನೂ ಬೇಗ ಹೆದರಿಸುತ್ತದೆ. ಇದನ್ನು ತಿರುಗಿಸೋಕೆ ಇರುವ ದಾರಿ ಅಂದರೆ ಚಿಕ್ಕ ಭಯದಿಂದ ಶುರು ಮಾಡಿ, ಅದು ಸಪ್ಪೆಯಾಗುವವರೆಗೆ ಮತ್ತೆ ಮತ್ತೆ ಮಾಡಿ, ಆಮೇಲೆ ಮುಂದಿನ ಮೆಟ್ಟಿಲು ಹತ್ತುವುದು. ಚಿಕಿತ್ಸಕರು ಮಾಡಿಸುವುದೂ ಇದನ್ನೇ.

ನಿಮ್ಮ ಮೆಟ್ಟಿಲು ನೀವೇ ಬರೆಯಬೇಕು. ಒಬ್ಬರಿಗೆ ಅಪರಿಚಿತರು ಕಷ್ಟ, ಇನ್ನೊಬ್ಬರಿಗೆ ಹತ್ತಿರದ ನೆಂಟರೇ ಕಷ್ಟ. ನನ್ನದು ಹೀಗಿತ್ತು. ಮೊದಲು ರೆಕಾರ್ಡ್ ಮಾಡಿದ ದನಿಯೇ ಉತ್ತರಿಸುವ ನಂಬರುಗಳು, ಅಲ್ಲಿ ಮನುಷ್ಯರೇ ಇರುವುದಿಲ್ಲ. ಆಮೇಲೆ "ಎಷ್ಟು ಗಂಟೆಗೆ ಮುಚ್ತೀರಾ?" ಅಂತ ಕೇಳುವ ಒಂದೇ ಪ್ರಶ್ನೆಯ ಕಾಲ್‌ಗಳು. ಆಮೇಲೆ ಸಮಯ ಗೊತ್ತು ಮಾಡುವುದು, ಗೊತ್ತಾದ ಸಮಯ ಬದಲಿಸುವುದು. ಆಮೇಲೆ ಬಿಲ್ಲಿನಲ್ಲಿ ತಪ್ಪಿದೆ ಅಂತ ಹೇಳುವುದು. ಎಲ್ಲಕ್ಕಿಂತ ಮೇಲೆ ಇದ್ದದ್ದು, ಪಕ್ಕದಲ್ಲಿ ಯಾರೋ ಕೇಳಿಸಿಕೊಳ್ಳುತ್ತಿರುವಾಗ ಮಾತಾಡುವುದು. ಡೆಸ್ಕಿನಲ್ಲಿ ಅದನ್ನೇ ದಿನವಿಡೀ ಮಾಡುತ್ತೇನೆ ಎನ್ನುವುದು ಇಲ್ಲಿ ಏನೂ ಸಹಾಯಕ್ಕೆ ಬರಲಿಲ್ಲ. ಡೆಸ್ಕಿನಲ್ಲಿ ಪ್ರಶ್ನೆ ಕೇಳುವವಳು ನಾನು. ಮನೆಯಲ್ಲಿ ಬೇಡುವವಳು ನಾನು ಅನ್ನಿಸುತ್ತಿತ್ತು.

ಕಾಲ್‌ಗಳ ನಡುವೆ ವಾರಗಟ್ಟಲೆ ಅಂತರ ಬಿಡಬೇಡಿ. ಹತ್ತಿರ ಹತ್ತಿರ ಮಾಡಿದರೆ ಭಯ ಬೇಗ ಇಳಿಯುತ್ತದೆ. ಮಾಡುವ ಮೊದಲು "ಏನಾಗಬಹುದು" ಅಂತ ಒಂದು ಸಾಲು, ಮಾಡಿದ ಮೇಲೆ "ಏನಾಯಿತು" ಅಂತ ಒಂದು ಸಾಲು ಬರೆಯಿರಿ. "ಬೈತಾರೆ", "ಎರಡು ನಿಮಿಷದಲ್ಲಿ ಮುಗೀತು". ಇವೆರಡು ಪಕ್ಕಪಕ್ಕ ಬಿದ್ದಿರುವುದನ್ನು ನೋಡುತ್ತಾ ನೋಡುತ್ತಾ ಮನಸ್ಸಿನ ಊಹೆಯ ಮೇಲಿನ ನಂಬಿಕೆ ಸಡಿಲವಾಗುತ್ತದೆ. ನಿಜವಾಗಿ ಬೈದರೆ? ಆಗಲೂ ಬರೆಯಿರಿ. ಒರಟಾಗಿ ಮಾತಾಡುವವರು ಇದ್ದಾರೆ, ನಮ್ಮ ಕಡೆಯಲ್ಲೂ ಇದ್ದಾರೆ. "ಆಮೇಲೆ ಮಾಡ್ತೀನಿ" ಅಂತ ಇಟ್ಟು, ಇನ್ನೊಂದು ಹೊತ್ತಲ್ಲಿ ಮಾಡಿ. ಬೇರೆಯವರು ಎತ್ತುವ ಸಾಧ್ಯತೆ ಇರುತ್ತದೆ.

ಸ್ವಲ್ಪ ಧೈರ್ಯ ಬಂದ ಮೇಲೆ ಊರುಗೋಲುಗಳನ್ನು ಒಂದೊಂದಾಗಿ ಬಿಡಿ. ಪಕ್ಕದಲ್ಲಿ ಯಾರಾದರೂ ನಿಂತಿರಲೇಬೇಕು ಅನ್ನುವುದು, ಹತ್ತು ಸಲ ಅಭ್ಯಾಸ ಮಾಡುವುದು, ಬೇಗ ಮುಗಿಯಲಿ ಅಂತ ಓಡಿಸಿ ಮಾತಾಡುವುದು. ಇವು ಇರುವವರೆಗೆ "ಅದಿದ್ದದ್ದಕ್ಕೆ ಬಚಾವಾದೆ" ಅಂತ ಮನಸ್ಸು ಹೇಳುತ್ತಲೇ ಇರುತ್ತದೆ. ನಂಬರು, ತಾರೀಕು ಬರೆದ ಹಾಳೆಯನ್ನು ಬಿಡಬೇಕಾಗಿಲ್ಲ. ಹೆದರದವರೂ ಅದನ್ನು ಇಟ್ಟುಕೊಳ್ಳುತ್ತಾರೆ.

ಬರುವ ಫೋನ್

ರಿಂಗಾದ ಕೂಡಲೇ ಎತ್ತಲೇಬೇಕು ಅನ್ನುವ ಕಾನೂನಿಲ್ಲ. ಆದರೆ ನಿಲ್ಲುವವರೆಗೆ ಫೋನನ್ನೇ ನೋಡುತ್ತಾ ಕೂತು, ಆಮೇಲೆ ದಿನವೆಲ್ಲ "ಯಾರಿರಬಹುದು" ಅಂತ ಒದ್ದಾಡುವುದು ಎತ್ತುವುದಕ್ಕಿಂತ ಕಷ್ಟ. ಪರಿಚಯದವರಾದರೆ "ಈಗ ಆಗಲ್ಲ, ಏಳು ಗಂಟೆಗೆ ನಾನೇ ಮಾಡ್ತೀನಿ" ಅಂತ ಮೆಸೇಜ್ ಹಾಕಿ. ಗಂಟೆ ಹೇಳಿಯೇ ಹಾಕಿ. ಎತ್ತಿದ ಮೇಲೂ "ಎರಡು ನಿಮಿಷ ಇದೆ, ಹೇಳಿ" ಅಂತ ಮೊದಲೇ ಅಂದರೆ ಮಾತು ಮುಗಿಸಿ ಹೊರಡುವ ಬಾಗಿಲು ತೆರೆದೇ ಇರುತ್ತದೆ.

ತೊದಲು ಇರುವವರಿಗೆ ಒಂದು ಮಾತು

ತೊದಲು ಇರುವ ಎಷ್ಟೋ ಜನರಿಗೆ ಫೋನೇ ಅತಿ ಕಷ್ಟ, ಅದರಲ್ಲೂ ಸ್ವಂತ ಹೆಸರು. ಬೇರೆ ಪದವಾದರೆ ಬದಲಿಸಬಹುದು, ಹೆಸರನ್ನು ಬದಲಿಸೋಕಾಗುವುದಿಲ್ಲ. ಈ ಕಡೆ ಕೂತವಳಾಗಿ ನಾನು ಹೇಳಬೇಕಾದ್ದು ಒಂದಿದೆ. ಫೋನ್ ಎತ್ತಿ "ಹಲೋ" ಅಂದಾಗ ಏನೂ ಸದ್ದು ಬರದಿದ್ದರೆ ಲೈನ್ ಸತ್ತಿದೆ ಅಂತ ತಿಳಿದು ಇಟ್ಟುಬಿಡುತ್ತೇವೆ. ನೀವು ಅಲ್ಲಿ ಮೊದಲ ಅಕ್ಷರಕ್ಕೆ ಹೆಣಗುತ್ತಿರುವುದು ನಮಗೆ ಕಾಣುವುದಿಲ್ಲ. ಯಾವ ಸದ್ದಾದರೂ ಸರಿ, ಒಂದು "ಹಾಂ" ಅಥವಾ ಗಂಟಲು ಸರಿಮಾಡಿಕೊಳ್ಳುವ ಸದ್ದು, ಕೇಳಿಸಿದರೆ ಕಾಯುತ್ತೇವೆ.

ಇನ್ನೂ ಒಳ್ಳೆಯದು, ಮಾತು ಹೊರಟ ಕೂಡಲೇ "ನನಗೆ ತೊದಲಿದೆ, ಸ್ವಲ್ಪ ಹೊತ್ತು ಬೇಕು" ಅಂತ ಹೇಳುವುದು. ಹಾಗೆ ಹೇಳಿದವರ ಕಾಲ್‌ನಲ್ಲಿ ನನ್ನ ಭುಜ ಸಡಿಲವಾಗುತ್ತದೆ, ಏನು ಮಾಡಬೇಕು ಅಂತ ಗೊತ್ತಾಗುತ್ತದೆ: ಕಾಯಬೇಕು, ಅವರ ಮಾತನ್ನು ನಾನು ಮುಗಿಸಬಾರದು. ಮುಚ್ಚಿಡುವ ಕೆಲಸ ತಪ್ಪಿದರೆ ಅವರ ಭಾರವೂ ಅರ್ಧ ಇಳಿಯುತ್ತದೆ. ಮಾತಿನ ಚಿಕಿತ್ಸಕರೂ ಹೀಗೆ ಮೊದಲೇ ಹೇಳಿಬಿಡುವುದನ್ನು ಕಲಿಸುತ್ತಾರೆ.

ಫೋನೇ ಬೇಡ ಅನ್ನುವಾಗ

ಈಗ ಎಷ್ಟೋ ಕೆಲಸ ಆ್ಯಪಿನಲ್ಲಿ, ಇಮೇಲಿನಲ್ಲಿ ಆಗುತ್ತದೆ. ಅದನ್ನು ಬಳಸುವುದು ಹೇಡಿತನ ಅಂತ ನಾನು ಹೇಳುವುದಿಲ್ಲ. ಕಿವಿ ಮಂದವಿರುವವರಿಗೆ, ಕೇಳಿಸಿದ ಮಾತು ಅರ್ಥವಾಗೋಕೆ ಹೊತ್ತು ಹಿಡಿಯುವವರಿಗೆ, ಆಟಿಸಂ ಇರುವ ಅನೇಕರಿಗೆ ಬರಹವೇ ಸರಿಯಾದ ದಾರಿ. ಕೆಲವು ಫೋನುಗಳಲ್ಲಿ ಆ ಕಡೆಯವರ ಮಾತು ಅಕ್ಷರವಾಗಿ ಪರದೆಯ ಮೇಲೆ ಬರುವ ಲೈವ್ ಕ್ಯಾಪ್ಷನ್ ಇರುತ್ತದೆ, ಸೆಟ್ಟಿಂಗ್ಸಿನಲ್ಲಿ ಆಕ್ಸೆಸಿಬಿಲಿಟಿ ಅನ್ನುವ ಕಡೆ ಹುಡುಕಿ ನೋಡಿ. ಉಳಿದವರು ಒಂದು ಪ್ರಶ್ನೆ ಕೇಳಿಕೊಂಡರೆ ಸಾಕು: ಭಯ ಇಲ್ಲದಿದ್ದರೂ ನಾನು ಇದನ್ನೇ ಆರಿಸುತ್ತಿದ್ದೆನಾ? ಹೌದು ಅಂದರೆ ನೆಮ್ಮದಿಯಾಗಿ ಮೆಸೇಜ್ ಮಾಡಿ.

ಹತ್ತಿರದವರಿಗೂ ಒಂದು ಕೋರಿಕೆ. "ಒಂದು ಫೋನ್ ಮಾಡೋಕೆ ಇಷ್ಟು ಯೋಚನೆನಾ?" ಅಂತ ಅನ್ನಬೇಡಿ. ಫೋನ್ ಕಸಿದುಕೊಂಡು ನೀವೇ ಮಾತಾಡಿ ಮುಗಿಸಲೂ ಬೇಡಿ. ಮಾತಾಡುವಾಗ ಕೋಣೆಯಿಂದ ಆಚೆ ಹೋಗಿ, ಅಥವಾ ಅವರು ಬೇಕೆಂದರೆ ಪಕ್ಕದಲ್ಲಿ ಸುಮ್ಮನೆ ಕೂತಿರಿ. ಮಕ್ಕಳಿದ್ದರೆ ಅವರ ಎದುರು ಫೋನ್ ಮಾಡಿ, ಹೇಗೆ ಶುರು ಮಾಡುತ್ತೀರಿ, ಹೇಗೆ ಮುಗಿಸುತ್ತೀರಿ ಅಂತ ಕೇಳಿಸಿಕೊಳ್ಳಲಿ. ಮನೆಯಲ್ಲಿ ಒಂದೇ ಫೋನ್ ಇದ್ದಾಗ ಮಕ್ಕಳು ಅದನ್ನು ತಾವಾಗಿ ಕಲಿಯುತ್ತಿದ್ದರು. ಈಗ ಯಾರೂ ಕಲಿಸುವುದಿಲ್ಲ.

ತುರ್ತಿನ ಕಾಲ್ ಬಗ್ಗೆ ತುಂಬಾ ಜನ ಹೆದರುತ್ತಾರೆ, ಅದಕ್ಕೆ ಬೇರೆಯಾಗಿ ಹೇಳುತ್ತೇನೆ. ಮೊದಲು ಜಾಗ ಹೇಳಿ, ಆಮೇಲೆ ಏನಾಗಿದೆ ಅಂತ. ನಡುವೆ ಲೈನ್ ಹೋದರೂ ಎಲ್ಲಿಗೆ ಬರಬೇಕು ಅಂತ ಗೊತ್ತಾಗಿರುತ್ತದೆ. ಉಳಿದದ್ದನ್ನು ಅವರೇ ಕೇಳುತ್ತಾರೆ. ಅವರು ಇಡಿ ಅನ್ನುವವರೆಗೆ ಇಡಬೇಡಿ.

ಡಾಕ್ಟರನ್ನು ಯಾವಾಗ ನೋಡಬೇಕು

ಫೋನ್ ಮಾಡಬೇಕಲ್ಲ ಅಂತ ಚಿಕಿತ್ಸೆ ತಪ್ಪಿಸುತ್ತಿದ್ದರೆ, ಕೆಲಸ ಬಿಡುವ ಯೋಚನೆ ಬರುತ್ತಿದ್ದರೆ, ಫೋನ್ ಅಷ್ಟೇ ಅಲ್ಲದೆ ಜನರ ನಡುವೆ ಹೋಗೋಕೂ ಆಗದಂತಾಗಿದ್ದರೆ, ಇದು ಆರು ತಿಂಗಳಿಂದಲೂ ನಡೆಯುತ್ತಾ ಬಂದಿದ್ದರೆ, ಮನೋವೈದ್ಯರನ್ನೋ ಮನಃಶಾಸ್ತ್ರಜ್ಞರನ್ನೋ ನೋಡಿ. ಜನರ ನಡುವೆ ಉಂಟಾಗುವ ಈ ಸಾಮಾಜಿಕ ಆತಂಕಕ್ಕೆ ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ಚೆನ್ನಾಗಿ ಕೆಲಸ ಮಾಡುತ್ತದೆ; ಮಾತಾಡುತ್ತಾ ಯೋಚನೆಯನ್ನೂ ನಡವಳಿಕೆಯನ್ನೂ ಬದಲಿಸಿಕೊಳ್ಳೋಕೆ ಕಲಿಸುವ ಮನಸ್ಸಿನ ಚಿಕಿತ್ಸೆ ಇದು. ಬೇಕಾದವರಿಗೆ ಔಷಧವೂ ಇದೆ, ಅದನ್ನು ಡಾಕ್ಟರೇ ತೀರ್ಮಾನಿಸಬೇಕು.

ಅದಕ್ಕೂ ಫೋನ್ ಮಾಡಿಯೇ ಸಮಯ ತಗೊಳ್ಳಬೇಕಲ್ಲ ಅಂತೀರಾ? ಬೇಕಾಗಿಲ್ಲ. ನೇರವಾಗಿ ಡೆಸ್ಕಿಗೆ ಬನ್ನಿ. ನಿಮ್ಮ ಪರವಾಗಿ ಮನೆಯವರು ಬಂದರೂ ಆಗುತ್ತದೆ. ಬಂದಾಗ "ಫೋನಿನಲ್ಲಿ ಮಾತಾಡೋದು ಕಷ್ಟ, ಮೆಸೇಜ್ ಕಳಿಸ್ತೀರಾ?" ಅಂತ ಕೇಳಿ. ನಮ್ಮ ಫಾರ್ಮಿನಲ್ಲಿ ಷರಾ ಬರೆಯುವ ಒಂದು ಜಾಗ ಇದೆ. "ಫೋನ್ ಬೇಡ, ಮೆಸೇಜ್ ಮಾಡಿ" ಅಂತ ಅಲ್ಲಿ ಬರೆದಿಟ್ಟರೆ ಮುಂದೆ ಯಾರು ಡ್ಯೂಟಿಯಲ್ಲಿದ್ದರೂ ಅವರಿಗೆ ಅದು ಕಾಣುತ್ತದೆ.